ಬಾಗಿಲ ಮೇಲೆ ಕಟ್ಟಿದ ರೆಕ್ಕೆ

ಅವರೆಕಾಳು ಹಿದುಕುತ್ತಾ ಕೂತಿದ್ದೆ. ರಾತ್ರಿ ನೆನೆಹಾಕಿದ ಕಾಳನ್ನು ಎರಡು ಬೆರಳ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲೇ ಉಳಿದು ಬೇಳೆ ಬಟ್ಟಲಿಗೆ ಜಿಗಿಯುತ್ತದೆ. ನಮ್ಮ ಕೋಲಾರದ ಕಡೆ ಚಳಿಗಾಲದಲ್ಲಿ ಹೆಂಗಸರ ಅರ್ಧ ದಿನ ಇದರಲ್ಲೇ ಹೋಗುತ್ತದೆ, ಅದಕ್ಕೆ ಯಾರೂ ಬೇಸರ ಪಡುವುದಿಲ್ಲ. ಪಕ್ಕದಲ್ಲಿದ್ದ ಫೋನು ಹೊಡೆದುಕೊಂಡಿತು. ಕೈಯೆಲ್ಲಾ ಲೋಳೆ. ಸೆರಗಿಗೆ ಒರೆಸಿಕೊಳ್ಳುವಷ್ಟರಲ್ಲಿ ನಿಂತಿತು, ಮತ್ತೆ ಹೊಡೆಯಿತು.

"ಅಕ್ಕಾ, ನಾನು ಸಗಾಯಂ."

ಆರು ವರ್ಷದಿಂದ ಕೇಳದ ದನಿ. ನಮ್ಮ ಯಜಮಾನರ ಜೊತೆ ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಮರಗೆಲಸ ಮಾಡುತ್ತಿದ್ದ ಅಂತೋಣಣ್ಣನ ಹೆಂಡತಿ.

"ಅವ್ರು ಓಗ್ಬಿಟ್ರು ಅಕ್ಕ. ಬೆಳಿಗ್ಗೆ ಐದಕ್ಕೆ. ಉಸಿರೇ ಸಿಗ್ಲಿಲ್ಲ."

ನಾನು ಏನೋ ಹೇಳಲು ಹೋದೆ. ಅವಳು ಬಿಡಲಿಲ್ಲ. "ಅಳಕ್ಕೆ ಫೋನ್ ಮಾಡಿಲ್ಲ ಅಕ್ಕ. ಅವರ ಪೆಟ್ಟೀನ ಆಚಾರಿ ಅಣ್ಣನೇ ಮಾಡ್ಬೇಕಂತೆ. ಬೇರೆ ಕೈ ಬೇಡ ಅಂತ ಮುಂಚೇನೇ ಹೇಳಿಟ್ಟಿದ್ರು. ಅವರ ಕೈಲಿ ಅಳತೆ ತಪ್ಪಲ್ಲ ಅಂದಿದ್ರು. ನಾಳೆ ಮಧ್ಯಾಹ್ನ ಎತ್ತೋದು."

ಅಷ್ಟೇ ಹೇಳಿ ಇಟ್ಟುಬಿಟ್ಟಳು. ಹಿತ್ತಲ ಶೆಡ್ಡಿನಲ್ಲಿ ಯಜಮಾನರು ಯಾರದೋ ಕಿಟಕಿಗೆ ಉಜ್ಜುಗೊರಡು ಹಾಕುತ್ತಿದ್ದರು. ನಾನು ಹೋಗಿ ಹೇಳಿದೆ. ಉಜ್ಜುಗೊರಡು ಮರದ ಮೇಲೇ ನಿಂತಿತು.

"ಅಳತೆ ಕೇಳ್ಬೇಕಾ?" ಅಂದೆ.

"ಬೇಡ," ಅಂದರು. "ಅವನ ಅಳತೆ ನಂಗೊತ್ತು."

ಆ ಮಾತು ಕೇಳಿದ ಮೇಲೆ ಮತ್ತೆ ಬಂದು ಕಾಳಿನ ಮುಂದೆ ಕೂತೆ, ಆದರೆ ಕೈ ಓಡಲಿಲ್ಲ. ಆರು ವರ್ಷದ ಹಿಂದೆ ಇವರಿಬ್ಬರೂ ಸೇರಿ ವಿಮಾನ ಮಾಡಿದ ವರ್ಷ ಪೂರ್ತಿ ಕಣ್ಣ ಮುಂದೆ ಬಂತು. ಆ ವರ್ಷ ನಾನು ಒಂದು ಮಾತು ಆಡಬೇಕಿತ್ತು. ಆಡಲಿಲ್ಲ. ಆ ಮಾತಿನ ಭಾರ ಅಂತೋಣಣ್ಣ ಹೊತ್ತರು, ಇವತ್ತು ಬೆಳಿಗ್ಗೆ ಐದರವರೆಗೆ.

ಗಣಿ ಮುಚ್ಚಿದ ಮೇಲೆ ನಮ್ಮ ಯಜಮಾನರು ಹೆಣದ ಪೆಟ್ಟಿಗೆ ಮಾಡಿ ಬದುಕಿದವರು. ಅದಕ್ಕೆ ಮೊದಲು ಅವರು, ಅಂತೋಣಣ್ಣ ಇಬ್ಬರೂ ವರ್ಕ್‌ಶಾಪಿನ ಪ್ಯಾಟರ್ನ್ ಶಾಪಿನಲ್ಲಿದ್ದರು. ಎರಕ ಹೊಯ್ಯುವ ಮೊದಲು ಆ ಕಬ್ಬಿಣದ ಸಾಮಾನಿನ ಮಾದರಿಯನ್ನು ಮರದಲ್ಲಿ ಮಾಡಿಕೊಡುವ ಕೆಲಸ. ಒಂದು ನೂಲು ಹೆಚ್ಚು ಕಡಿಮೆಯಾದರೂ ಚಕ್ರ ಚಕ್ರಕ್ಕೆ ಕೂರುವುದಿಲ್ಲ. ಅಂಥ ಕೈಗಳಿಗೆ ಗಣಿ ನಿಂತಮೇಲೆ ಸಿಕ್ಕಿದ್ದು ಪೆಟ್ಟಿಗೆ. ನಮ್ಮ ಮೈಸೂರು ಮೈನ್ಸ್ ಕಾರ್ಮಿಕರ ಲೈನುಮನೆಗಳಲ್ಲಿ ಧೂಳು ಕುಡಿದ ಎದೆಗಳು ಒಂದರ ಹಿಂದೊಂದು ನಿಲ್ಲುತ್ತಿದ್ದವು, ಕೆಲಸಕ್ಕೆ ಕಮ್ಮಿಯಿರಲಿಲ್ಲ. ಆಚಾರಿ ಎಂದು ಕರೆಯುತ್ತಿದ್ದವರು ಪೆಟ್ಟಿ ಆಚಾರಿ ಎಂದರು. ಅವರು ಎದುರಾದರೆ ಕೆಲವರು ದಾರಿ ಬದಲಿಸುತ್ತಿದ್ದರು. ಮಗಳ ಮದುವೆ ಮಾತುಕತೆಗೆ ಕಾಮಸಮುದ್ರಕ್ಕೆ ಹೋದಾಗ ಇವರು ಬಸ್ಸಿನಿಂದ ಇಳಿಯದೆ ನನ್ನನ್ನು ಒಬ್ಬಳನ್ನೇ ಕಳಿಸಿದ್ದರು. ಮದುವೆ ಆಯಿತು, ದೇವರು ಕಾಪಾಡಿದ.

ಆ ವರ್ಷ ಯುಗಾದಿ ಕಳೆದು ಹದಿನೈದು ದಿನಕ್ಕೆ ಬೆಂಗಳೂರಿನಿಂದ ಒಬ್ಬ ಸಾಹೇಬರು ಕಾರಿನಲ್ಲಿ ಬಂದರು. ಅವರ ತಂದೆ ಹಿಂದೆ ಇಲ್ಲಿಯ ಗಣಿಯಲ್ಲಿ ಇಂಜಿನಿಯರಂತೆ. ಕೈಯಲ್ಲಿ ಉದ್ದನೆಯ ಕೊಳವೆ, ಅದರೊಳಗೆ ಸುತ್ತಿದ ಒಂಬತ್ತು ನಕ್ಷೆ. ನಡುಮನೆಯಲ್ಲಿ ಬಿಚ್ಚಿದರೆ ಮೂಲೆಯಿಂದ ಮೂಲೆಗೆ ಗೆರೆಯೇ ಗೆರೆ. ಹಳೆಯ ಯುದ್ಧದಲ್ಲಿ ಹಾರುತ್ತಿದ್ದ ಹರಿಕೇನ್ ಎಂಬ ವಿಮಾನ, ಅಸಲಿನ ನಾಲ್ಕನೇ ಒಂದು ಪಾಲು. ರೆಕ್ಕೆಯ ತುದಿಯಿಂದ ತುದಿಗೆ ಹತ್ತಡಿ. ಪೆಟ್ರೋಲ್ ಇಂಜಿನ್ನು ಕೂರಿಸಿ, ಕೆಳಗೆ ನಿಂತವರು ರಿಮೋಟಿನಲ್ಲಿ ಹಾರಿಸುವುದು.

"ಆಚಾರ್ರೇ, ರೆಡಿಮೇಡ್ ಸಿಗುತ್ತೆ. ನನಗೆ ಅದು ಬೇಡ," ಅಂದರು ಸಾಹೇಬರು. "ಈ ಡ್ರಾಯಿಂಗ್ ಇಟ್ಟುಕೊಂಡು ಕೈಯಲ್ಲಿ ಕಟ್ಟೋರು ಬೇಕು. ಇದು ಚೆನ್ನಾಗಿ ಹಾರಿದರೆ ನೀವು ಬೆಂಗಳೂರಿಗೆ ಬಂದುಬಿಡಿ, ನಮ್ಮ ವರ್ಕ್‌ಶಾಪಿಗೆ. ನಮ್ಮವರೆಲ್ಲ ಆರ್ಡರ್ ಕೊಡ್ತಾರೆ. ಜೊತೆಗೆ ಇನ್ನೊಬ್ಬರನ್ನ ಕರ್ಕೊಂಡು ಬನ್ನಿ."

ಇನ್ನೊಬ್ಬರು ಯಾರು ಎಂದು ಕೇಳುವ ಅಗತ್ಯವಿರಲಿಲ್ಲ. ಸಂಜೆಗೆಲ್ಲಾ ಅಂತೋಣಣ್ಣ ಬಂದು ನಕ್ಷೆಯ ಮೇಲೆ ಬೋರಲು ಮಲಗಿದ್ದರು. ಅವರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಗೆರೆ ಓದಲು ಬರುತ್ತಿತ್ತು.

"ಅಣ್ಣೇ, ಇದು ಪೆಟ್ಟಿ ಥರ ಅಲ್ಲ," ಅಂದರು. "ಇದರೊಳಗೆ ಉಸಿರಾಡೋಕೆ ಜಾಗ ಇದೆ."

"ಬಾಯ್ ಮುಚ್ಕೊಂಡು ಅಳತೆ ನೋಡ್ಲಾ," ಅಂದರು ಇವರು, ನಗುತ್ತಾ. ಅವರು ನಕ್ಕಿದ್ದನ್ನು ನಾನು ಎಷ್ಟೋ ದಿನದ ಮೇಲೆ ನೋಡಿದ್ದು.

ಆದರೆ ವಿಮಾನ ಕಟ್ಟಲು ಮೊದಲು ಬೇಕಾದದ್ದು ಮಟ್ಟಸವಾದ ಒಂದು ಹಲಗೆ. ನಕ್ಷೆಯನ್ನು ಅದರ ಮೇಲೆ ಹಾಸಿ, ಗುಂಡುಸೂಜಿಯಲ್ಲಿ ಚುಚ್ಚಿ, ಅಂಟು ಹಿಡಿಯದಂತೆ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಗೆರೆಯ ಮೇಲೇ ಕಡ್ಡಿ ಕೂರಿಸಿಕೊಂಡು ಹೋಗಬೇಕು. ಹಲಗೆ ಹೇಗಿರುತ್ತದೋ ರೆಕ್ಕೆಯೂ ಹಾಗೆ. ನಮ್ಮ ಮನೆಯಲ್ಲಿ ಅಷ್ಟು ಉದ್ದ, ಅಷ್ಟು ಮಟ್ಟಸ ಇದ್ದದ್ದು ಒಂದೇ, ಬೀದಿ ಬಾಗಿಲು. ಕಾಮಸಮುದ್ರದ ನಮ್ಮಪ್ಪನ ಹೊಲದ ಬೇವಿನ ಮರ ಕಡಿಸಿ ಇವರೇ ಮಾಡಿದ್ದು. ಇಪ್ಪತ್ತೆಂಟು ವರ್ಷ ಒಣಗಿದ ಮರ, ಕೂದಲಿನಷ್ಟೂ ಓರೆಯಿಲ್ಲ. ಕೀಲು ಬಿಚ್ಚಿದರು, ಹಿಂದಿನ ಅಡ್ಡಪಟ್ಟಿಗಳನ್ನೂ ಬಿಚ್ಚಿದರು, ಎರಡು ಸ್ಟ್ಯಾಂಡಿನ ಮೇಲೆ ಬಾಗಿಲನ್ನು ಮಲಗಿಸಿದರು.

"ಬಾಗ್ಲಿಲ್ಲದ ಮನೇಲಿ ಹೆಂಗ್ರೀ ಇರೋದು?" ಅಂದೆ.

"ಸೀರೆ ಕಟ್ಟು. ನಮ್ಮನೇಲಿ ಏನ್ ಚಿನ್ನ ಐತೆ? ಇದ್ದ ಚಿನ್ನ ಎಲ್ಲಾ ಬೇರೆಯೋರು ತಗೊಂಡೋದ್ರು."

ಹಳೆಯ ಸೀರೆ ಇಳಿಬಿಟ್ಟೆ. ಕಳ್ಳರು ಬರಲಿಲ್ಲ, ಅದೊಂದು ಪುಣ್ಯ. ನಾಯಿ ಎರಡು ಸಲ ಬಂತು, ಹಾಲು ಕುಡಿದು ಹೋಯಿತು. ನನಗೆ ಚಿಂತೆ ಇದ್ದದ್ದು ಕಳ್ಳರದಲ್ಲ. ಪ್ರತಿ ಶುಕ್ರವಾರ ಹೊಸ್ತಿಲು ತೊಳೆದು, ಅರಿಶಿನ ಬಳಿದು, ಬಾಗಿಲ ಪಾದಕ್ಕೂ ಅರಿಶಿನ ಹಚ್ಚಿ ಕುಂಕುಮ ಇಟ್ಟವಳು ನಾನು. ಈಗ ಹೊಸ್ತಿಲಿದೆ, ಬಾಗಿಲು ಮಲಗಿದೆ.

ಬೇಸಿಗೆಯಲ್ಲಿ ಎಡಗಡೆ ರೆಕ್ಕೆ ಎದ್ದಿತು. ಇವರೇ ಕೂತು ಕಟ್ಟಿದ್ದು. ಬಾಲ್ಸಾ ಎಂಬ ಮರ ಬೆಂಗಳೂರಿನಿಂದ ಬಂತು, ಕೈಯಲ್ಲಿ ಹಿಡಿದರೆ ಹಪ್ಪಳದ ಹಾಗೆ. ಶೀಟಿನ ಮನೆ, ಒಳಗೆ ಒಲೆಯ ಹಾಗೆ ಕಾವು. ಬೆವರು ಅಂಟಿನ ಮೇಲೆ ಬೀಳಬಾರದು ಎಂದು ಇಬ್ಬರೂ ಹಣೆಗೆ ಟವಲು ಕಟ್ಟಿಕೊಂಡಿರುತ್ತಿದ್ದರು. ಬಾಲಕ್ಕೆ ಹೊದಿಸುವ ಬಟ್ಟೆಯನ್ನು ಇಸ್ತ್ರಿಯಲ್ಲಿ ಬಿಸಿಮಾಡಿ ಎಳೆದು ಅಂಟಿಸಬೇಕಂತೆ. ಆ ಕೆಲಸ ನನ್ನದಾಯಿತು. ನನ್ನ ಸೀರೆ ಇಸ್ತ್ರಿ ಮಾಡುವ ಪೆಟ್ಟಿಗೆಯಲ್ಲೇ ಯುದ್ಧದ ವಿಮಾನದ ಬಾಲ ನುಣುಪಾಯಿತು. ಸುಕ್ಕು ಹೋಗಿ ಬಟ್ಟೆ ಡೋಲಿನ ಚರ್ಮದ ಹಾಗೆ ಬಿಗಿಯುವುದನ್ನು ನೋಡುವುದೇ ಒಂದು ಖುಷಿ.

ಬೀದಿಯವರಿಗೂ ಖುಷಿ, ಅದು ಬೇರೆ ಥರ. ಟೀ ಅಂಗಡಿ ಮುನಿಸ್ವಾಮಿ ಸೀರೆ ಸರಿಸಿ ಇಣುಕಿ, "ಏನ್ ಪೆಟ್ಟಿ ಆಚಾರಿ, ಇನ್ಮೇಲೆ ಹೆಣಾನ ಗುಂಡಿಗೆ ಇಳಿಸಲ್ವಾ, ಮೇಲಕ್ಕೇ ಕಳಿಸ್ತೀಯಾ?" ಅನ್ನುತ್ತಿದ್ದ.

"ಮೊದಲ್ನೇ ಟಿಕೆಟ್ ನಿಂದೇ ಕಣ್ಲಾ," ಅನ್ನುತ್ತಿದ್ದರು ಅಂತೋಣಣ್ಣ.

ಆಷಾಢದ ಗಾಳಿ ಮುಗಿದು ಶ್ರಾವಣದ ಜಿಟಿಜಿಟಿ ಹಿಡಿಯುವ ಹೊತ್ತಿಗೆ ಬಂಗಾರಪೇಟೆಯಲ್ಲಿ ಒಂದು ಕಲ್ಯಾಣ ಮಂಟಪದ ಬಾಗಿಲು ಕಿಟಕಿಯ ಕೆಲಸ ಇವರಿಗೆ ಸಿಕ್ಕಿತು. ಬೆಳಿಗ್ಗೆ ಮಾರಿಕುಪ್ಪಂನಲ್ಲಿ ರೈಲು ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ಬರುವುದು. ಬಲಗಡೆ ರೆಕ್ಕೆಯನ್ನು ಅಂತೋಣಣ್ಣನ ಕೈಗೆ ಬಿಟ್ಟು ಹೋದರು.

"ಗೆರೆ ಬಿಟ್ಟು ಆಚೆ ಈಚೆ ಓಗ್ಬೇಡ," ಎಂದು ಹೇಳಿ ಹೋದರು.

"ನೀ ಓಗಿ ಮಂಟಪ ಕಟ್ಟು ಅಣ್ಣೇ. ಇದು ನಂದು."

ಆ ಶ್ರಾವಣದಲ್ಲೇ ನಾನು ಹರಕೆ ಹೊತ್ತಿದ್ದು. ಇದೊಂದು ಹಾರಿಬಿಡಲಿ, ಇವರ ಕೈಯಿಂದ ಪೆಟ್ಟಿಗೆ ಬಿಟ್ಟುಹೋಗಲಿ ಎಂದು. ಅರಿಶಿನದಲ್ಲಿ ಅದ್ದಿದ ಬಟ್ಟೆಯಲ್ಲಿ ಒಂದು ರೂಪಾಯಿ ಕಟ್ಟಿ ಮುಡಿಪು ಮಾಡಿದೆ. ದೇವರ ಮುಂದೆ ಇಟ್ಟರೆ ಸಾಲದು ಅನ್ನಿಸಿತು. ಲಕ್ಷ್ಮಿ ಬರುವುದು ಬಾಗಿಲಿನಿಂದ, ಬಾಗಿಲೇ ಅವಳ ಪಾದಕ್ಕೆ ಇಲ್ಲದಂತಾಗಿದೆ, ಮುಡಿಪು ಬಾಗಿಲಿಗೇ ಇರಲಿ ಎಂದುಕೊಂಡೆ. ಮಲಗಿಸಿದ ಬಾಗಿಲಿನ ಮೂರು ಮೂಲೆಗಳಿಗೆ ನನ್ನ ಕೈ ಹೋಗುತ್ತಿರಲಿಲ್ಲ, ಗೋಡೆ, ಸಾಮಾನು. ಹೊಸ್ತಿಲ ಕಡೆಯ ಒಂದು ಮೂಲೆ ಮಾತ್ರ ಎಟುಕುತ್ತಿತ್ತು. ಅದರ ಅಡಿಗೆ, ಮೇಲಿನಿಂದ ಕಾಣದ ಹಾಗೆ, ಮುಡಿಪು ಸೇರಿಸಿ ಒದ್ದೆ ಬಟ್ಟೆ ಸುತ್ತಿ ಬಿಗಿದೆ. ದಿನಾ ಬೆಳಿಗ್ಗೆ ಸ್ನಾನ ಮಾಡಿ ಬಂದು ಅದರ ಮೇಲೆ ಅರಿಶಿನದ ನೀರು ಬಿಡುತ್ತಿದ್ದೆ. ಬಟ್ಟೆ ಒಣಗಬಾರದು, ಒಣಗಿದರೆ ಹರಕೆ ಒಣಗುತ್ತದೆ ಎಂದು ನಮ್ಮಮ್ಮ ಹೇಳುತ್ತಿದ್ದರು. ಒಂದು ತಿಂಗಳು, ಒಂದು ದಿನ ತಪ್ಪಿಸಲಿಲ್ಲ.

ಅಂತೋಣಣ್ಣನಿಗೆ ಅದು ಕಂಡಿತ್ತು. ಬಿದ್ದ ಸೂಜಿ ಹುಡುಕಲು ಬಗ್ಗಿದವರು, "ಅಣ್ಣಿ, ಇದೇನಿದು ಗಂಟು, ನೀರು ತೊಟ್ಟಿಕ್ತಾ ಇದೆ?" ಎಂದು ಕೇಳಿದರು. ಅಣ್ಣನ ಹೆಂಡತಿಗೆ ಅವರ ಮನೆಯಲ್ಲಿ ಅಣ್ಣಿ ಅನ್ನುತ್ತಾರೆ, ನನ್ನನ್ನು ಯಾವಾಗಲೂ ಹಾಗೇ ಕರೆದದ್ದು.

"ಹರಕೆ ಕಟ್ಟಿದೀನಿ. ಮುಟ್ಬೇಡಿ. ಅವ್ರಿಗೆ ಹೇಳ್ಬೇಡಿ, ಬೈತಾರೆ," ಅಂದೆ.

ಅವರು ತಮ್ಮ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡರು. "ಹೇಳಲ್ಲ ಅಣ್ಣಿ. ನಾವೂ ಚರ್ಚಿನ ಮಾತಾಗೆ ಮೇಣದಬತ್ತಿ ಬೇಡ್ಕೊಂಡಿದೀವಿ. ಎರಡು ಕಡೆಯಿಂದ ಹಿಡಿದ್ರೆ ಬೀಳಲ್ಲ ಬಿಡಿ."

ಮಧ್ಯಾಹ್ನ ಅವರಿಗೆ ಮುದ್ದೆ, ಉಪ್ಪುಸಾರು. ತಟ್ಟೆಯನ್ನು ರೆಕ್ಕೆಯಿಂದ ದೂರ ಇಟ್ಟುಕೊಂಡು, ಗೋಡೆಗೆ ಒರಗಿ, ಉಣ್ಣುತ್ತಲೂ ಒಂದು ಕಣ್ಣು ಅದರ ಮೇಲೇ. ಎಷ್ಟು ಚೊಕ್ಕ ಕೆಲಸ. ಕತ್ತರಿಸಿದ ಒಂದೊಂದು ತುಂಡನ್ನೂ ನಕ್ಷೆಯ ಮೇಲಿಟ್ಟು, ಕಣ್ಣು ಕಿರಿದು ಮಾಡಿ, ಉಗುರಲ್ಲಿ ಸವರಿ ನೋಡುವರು. ಕೊನೆಗೆ ತೆಳು ಹಾಳೆ ಹೊದಿಸಿ ಮುಗಿಸಿದ ಸಂಜೆ ಇವರು ಬಂಗಾರಪೇಟೆಯಿಂದ ಬಂದು, ರೆಕ್ಕೆಯನ್ನು ಎತ್ತಿ ಮತ್ತೆ ಅದೇ ಬಾಗಿಲ ಮೇಲಿಟ್ಟು, ನಾಲ್ಕೂ ಕಡೆ ಕಾಗದ ತೂರಿಸಿ ನೋಡಿದರು. ಎಲ್ಲೂ ಕಾಗದ ನುಗ್ಗಲಿಲ್ಲ. ಅಂಟಿದ ಹಾಗೆ ಕೂತಿತ್ತು.

"ಪರವಾಗಿಲ್ಲ ಕಣ್ಲಾ," ಅಂದರು. ಇವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಅಂತೋಣಣ್ಣ ಆ ದಿನ ಮನೆಗೆ ಹಾಡಿಕೊಂಡು ಹೋದರು.

ಈಗ ನನಗೆ ಗೊತ್ತು. ಸೊಟ್ಟ ಹಲಗೆಯ ಮೇಲೆ ಕಟ್ಟಿದ್ದನ್ನು ಅದೇ ಸೊಟ್ಟ ಹಲಗೆಯ ಮೇಲಿಟ್ಟು ನೋಡಿದರೆ ನೆಟ್ಟಗೇ ಕಾಣುತ್ತದೆ.

ವಿಜಯದಶಮಿಯ ಮರುದಿನ ಹಾರಿಸುವುದೆಂದಾಯಿತು. ಪರ್ಮಿಷನ್ನು ಅದೂ ಇದೂ ಸಾಹೇಬರೇ ನೋಡಿಕೊಂಡರು. ಸೈನೈಡ್ ಗುಡ್ಡಗಳ ಪಕ್ಕದ ಬಯಲು, ಗಣಿಯಿಂದ ತೆಗೆದ ಮಣ್ಣು ಅರೆದು ಸುರಿದ ಬಿಳಿ ದಿಬ್ಬಗಳು ಇವೆಯಲ್ಲ, ಅಲ್ಲಿ. ಲೈನುಗಳ ಜನವೆಲ್ಲಾ ಸೇರಿತ್ತು. ಆಯುಧಪೂಜೆಯ ದಿನವೇ ವಿಮಾನಕ್ಕೆ ವಿಭೂತಿ, ಕುಂಕುಮ, ಹೂವಿನ ಹಾರ ಆಗಿತ್ತು. ಅಲ್ಲಿ ಮತ್ತೆ ಬೂದುಗುಂಬಳ ಒಡೆಸಿದೆ. ಸಾಹೇಬರ ಜೊತೆ ವಿಮಾನ ಹಾರಿಸಲು ಬಂದಿದ್ದ ಸಣ್ಣ ವಯಸ್ಸಿನವರೊಬ್ಬರು ಎರಡು ರೆಕ್ಕೆಗಳನ್ನು ಬೋಲ್ಟು ಹಾಕಿ ಬಿಗಿದು, ಹಿಂದೆ ನಿಂತು ನೋಡಿ, "ಬಲಗಡೆ ಏನೋ ಸ್ವಲ್ಪ ತಿರುವಿದ್ದಂಗಿದೆ ಸರ್, ಮೇಲೆ ಹೋದಮೇಲೆ ಅಡ್ಜಸ್ಟ್ ಮಾಡ್ತೀನಿ," ಅಂದರು. ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಇಂಜಿನ್ನು ಕೂಗಿತು. ಬಿಳಿ ಧೂಳೆಬ್ಬಿಸಿಕೊಂಡು ಓಡಿತು, ನಾನು ಇಸ್ತ್ರಿ ಮಾಡಿದ ಬಾಲ ಮೊದಲು ಎದ್ದಿತು, ಆಮೇಲೆ ಚಕ್ರ. ಹುಣಸೆ ಮರದಷ್ಟು ಎತ್ತರ ಹೋಯಿತು. ಇವರು ನನ್ನ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆದರು. ತಿರುಗುವಾಗ ವಿಮಾನ ಸ್ವಲ್ಪ ನಿಧಾನವಾಯಿತು, ಅಷ್ಟೇ. ಬಲಗಡೆ ರೆಕ್ಕೆ ಯಾರೋ ಕೈಹಿಡಿದು ಎಳೆದ ಹಾಗೆ ಕೆಳಕ್ಕೆ ವಾಲಿತು. ಮಗುಚಿ, ಮೂಗು ಕೆಳಗಾಗಿ, ದಿಬ್ಬಕ್ಕೆ ಹೊಡೆಯಿತು. ಆರು ತಿಂಗಳು ಕಟ್ಟಿದ್ದು. ಹಾರಿದ್ದು ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತೂ ಅಲ್ಲ.

ಯಾರಿಗೂ ತಗುಲಲಿಲ್ಲ. ಅಷ್ಟು ಜನದಲ್ಲಿ ಒಬ್ಬರಿಗೂ ಒಂದು ಗೀರೂ ಇಲ್ಲ. ಅದನ್ನು ದೇವರ ದಯೆ ಎಂದೇ ನಾನು ಇವತ್ತಿಗೂ ಎಣಿಸುತ್ತೇನೆ.

ಹಾರಿಸಿದವರು ಚೂರುಗಳ ನಡುವೆ ಬಲಗಡೆ ರೆಕ್ಕೆಯನ್ನು ಎತ್ತಿ, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದರು. ಅದೊಂದೇ ಇಡಿಯಾಗಿ ಉಳಿದಿತ್ತು. "ಟ್ವಿಸ್ಟ್ ಆಗಿದೆ. ಇದು ಕಟ್ಟುವಾಗಲೇ ಆಗಿರೋದು. ಇದನ್ನ ಯಾರು ಕಟ್ಟಿದ್ದು?"

ಎಲ್ಲರೂ ಇವರ ಕಡೆ ತಿರುಗಿದರು.

"ನಾನಲ್ಲ," ಅಂದರು ನಮ್ಮ ಯಜಮಾನರು. "ಅದು ಇವನು."

"ಅಣ್ಣೇ, ಗೆರೆ ಬಿಟ್ಟು ಒಂದು ನೂಲು ಆಚೆ ಹೋಗಿಲ್ಲ ನಾನು. ನೀನೇ ನೋಡ್ದೆ."

"ಏನ್ ನೋಡ್ದೆ? ಪೆಟ್ಟಿಗೆ ಮೊಳೆ ಹೊಡೆಯೋ ಕೈ ನಿಂದು. ಅದಕ್ಕೆ ರೆಕ್ಕೆ ಕೊಟ್ಟಿದ್ದು ನನ್ನ ತಪ್ಪು. ಹೆಣಕ್ಕಾದ್ರೆ ಸೊಟ್ಟ ಇದ್ರೂ ನಡೀತದೆ, ಅದು ಎದ್ದು ಕೇಳಲ್ಲ."

ಅಷ್ಟು ಜನರ ಮುಂದೆ. ತಾನೂ ಅದೇ ಪೆಟ್ಟಿಗೆ ಮಾಡುವವರು. ಅಂತೋಣಣ್ಣ ಒಂದು ಸಲ ನನ್ನ ಕಡೆ ನೋಡಿದರು. ಯಾಕೆ ನೋಡಿದರು ಎಂದು ನನಗೆ ಆಗ ತಿಳಿಯಲಿಲ್ಲ, ಮನೆಯವರು ಬೈದರಲ್ಲ, ನಾನಾದರೂ ಸಮಾಧಾನ ಹೇಳಲಿ ಎಂದು ನೋಡುತ್ತಿದ್ದಾರೆ ಅಂದುಕೊಂಡೆ. ನಾನು ತಲೆ ತಗ್ಗಿಸಿದೆ. ಅವರು ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ದಿಬ್ಬದ ಮಗ್ಗುಲಿನ ದಾರಿ ಹಿಡಿದರು. ಹಿಂದಿನಿಂದ ಮುನಿಸ್ವಾಮಿ ಎರಡೂ ಕೈ ಚಾಚಿ, ಬಲಗೈ ಇಳಿಬಿಟ್ಟು, ವಾಲಿಕೊಂಡು ನಡೆದು ತೋರಿಸಿದ. ಜನ ನಕ್ಕಿತು. ಸೊಟ್ಟ ರೆಕ್ಕೆ ಎಂಬ ಹೆಸರು ಅವತ್ತೇ ಹುಟ್ಟಿದ್ದು.

ಸಾಹೇಬರು ಇಂಜಿನ್ನು, ರಿಮೋಟಿನ ಸಾಮಾನು ಬಿಚ್ಚಿಕೊಂಡು ಹೋದರು. ಒಳ್ಳೆಯವರೇ, ಒಂದು ಮಾತೂ ಬೈಯಲಿಲ್ಲ. ಮತ್ತೆ ಬರಲೂ ಇಲ್ಲ. ಮರದ ಚೂರು ನಮಗೇ ಬಿಟ್ಟರು. ಬಾಲ್ಸಾ ಬೇಗ ಹತ್ತಿಕೊಳ್ಳುತ್ತದೆ, ಒಂದು ವಾರ ನೀರೊಲೆ ಹೊತ್ತಿಸಲು ಕಷ್ಟವಾಗಲಿಲ್ಲ.

ಮೂರನೇ ದಿನ ಇವರು ಅಡ್ಡಪಟ್ಟಿ ಹೊಡೆದು ಬಾಗಿಲನ್ನು ಮತ್ತೆ ಕೀಲಿಗೆ ಏರಿಸಿದರು. ಬಾಗಿಲು ಹಾಕಿಕೊಳ್ಳಲಿಲ್ಲ. ಮೂರು ಮೂಲೆ ಚೌಕಟ್ಟಿಗೆ ಕೂತರೆ ಕೆಳಗಿನ ಒಂದು ಮೂಲೆ ಬೆರಳು ತೂರುವಷ್ಟು ಹೊರಗೆ ನಿಂತಿತು. ಆ ಮೂಲೆಯಲ್ಲಿ ಅಂಗೈ ಅಗಲ ಅರಿಶಿನದ ಕಲೆ. ಮುಡಿಪನ್ನು ನಾನು ಹಿಂದಿನ ದಿನವೇ ಬಿಚ್ಚಿಟ್ಟಿದ್ದೆ.

ಅಂತೋಣಣ್ಣ ಬಯಲಿನಲ್ಲಿ ನನ್ನ ಕಡೆ ಯಾಕೆ ನೋಡಿದರು ಎಂದು ಆಗ ತಿಳಿಯಿತು. ಮರದ ಕೆಲಸದವರು. ಮೇಲೆ ಪ್ಲಾಸ್ಟಿಕ್, ಕೆಳಗೆ ಒಂದು ತಿಂಗಳು ನೀರು, ಮರ ಊದಿ ತಿರುಚಿಕೊಳ್ಳುತ್ತದೆಂದು ಅವರಿಗೆ ಒಂದೇ ಗಳಿಗೆಯಲ್ಲಿ ಹೊಳೆದಿರಬೇಕು. ಹೇಳುವುದಿಲ್ಲ ಎಂದು ನನಗೆ ಮಾತು ಕೊಟ್ಟಿದ್ದರು. ಹೇಳಲಿಲ್ಲ.

ಯಜಮಾನರು ಆ ಕಲೆಯ ಮೇಲೆ ಬೆರಳಾಡಿಸಿದರು. ಬಹಳ ಹೊತ್ತು ಕುಕ್ಕರುಗಾಲಿನಲ್ಲಿ ಕೂತಿದ್ದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ.

"ಮಳೆಗೆ ಬಿಗಿಯಾಗ್ತವೆ ಬಾಗ್ಲು," ಅಂದರು, ನನ್ನ ಕಡೆ ನೋಡದೆ. ಮಳೆ ನಿಂತು ಎಷ್ಟೋ ದಿನವಾಗಿತ್ತು. ಉಜ್ಜುಗೊರಡು ತಂದು ಅಂಚು ಹೊಡೆದರು, ಕೀಲಿಗೆ ರಟ್ಟು ಕೊಟ್ಟರು, ಹೇಗೋ ಬಾಗಿಲು ಹಾಕಿಕೊಂಡಿತು.

ಅಷ್ಟೇ. ನಾನೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಇವತ್ತು ಅಂತೋಣಣ್ಣನ ಮನೆಗೆ ಹೋಗಿ ಹೇಳೋಣ, ಬರುವ ಸೋಮವಾರ ಹೇಳೋಣ ಎಂದು ಎಷ್ಟು ಸಲ ಸೀರೆ ಉಟ್ಟು ನಿಂತಿದ್ದೇನೆ. ಹೇಳಿದರೆ ಇವರ ಮುಖ ಬೀದಿಯಲ್ಲಿ ಏನಾಗಬೇಕು ಎಂದು ಕೂತುಬಿಡುತ್ತಿದ್ದೆ. ಅಷ್ಟರಲ್ಲಿ ಅಂತೋಣಣ್ಣನಿಗೆ ಕಿಟಕಿ ಕೆಲಸ ಕೊಡುವವರೂ ಇಲ್ಲದಂತಾಯಿತು. ಸೊಟ್ಟ ರೆಕ್ಕೆಗೆ ಕೊಟ್ಟರೆ ಮಳೆ ಒಳಗೆ ಬರುತ್ತೆ ಎಂದು ನಗುತ್ತಿದ್ದರು. ಬಂಗಾರಪೇಟೆಯಲ್ಲಿ ಯಾವುದೋ ಗೋಡೌನಿಗೆ ವಾಚ್‌ಮನ್ ಆದರು. ಒಂದು ಸಲ ರೈಲಿನಲ್ಲಿ ಕಂಡರು. ನಾನು ಎದ್ದು ನಿಂತೆ. ಅವರು ನಮಸ್ಕಾರ ಮಾಡಿ, ಮುಂದಿನ ಡಬ್ಬಿಗೆ ಹೋಗಿಬಿಟ್ಟರು.

ಅವರೆಕಾಳಿನ ಮುಂದೆ ನಾನು ಇಷ್ಟೆಲ್ಲಾ ನೆನೆಯುತ್ತಾ ಕೂತಿರುವಾಗ ಯಜಮಾನರು ಸ್ಕ್ರೂಡ್ರೈವರ್ ಹಿಡಿದು ಒಳಗೆ ಬಂದರು.

"ಆ ಕಾಳು ಆಚೆಗಿಡು. ದಾರಿ ಬಿಡು."

ಬೀದಿ ಬಾಗಿಲಿನ ಕೀಲು ಬಿಚ್ಚತೊಡಗಿದರು.

"ಇದ್ಯಾಕ್ರೀ?"

"ಅಡಿ ಹಲಗೆ ಬೇಕು."

"ಮರದ ಡಿಪೋದಲ್ಲಿ ಸಿಗಲ್ವಾ?"

"ಸಿಗ್ತದೆ. ಇದೇ ಬೇಕು."

ನಮ್ಮಪ್ಪನ ಬೇವು. ನಾನು ಬೇಡ ಅನ್ನಲಿಲ್ಲ. ಗರಗಸ ಹಾಕಿ, ಅಳತೆಗೆ ಕೊಯ್ದು, ಓರೆಯನ್ನು ಉಜ್ಜಿ ಉಜ್ಜಿ ಮಟ್ಟ ಮಾಡಿದರು. ಕಲೆಯಿದ್ದ ಮೂಲೆಯನ್ನು ಮಾತ್ರ ಉಜ್ಜಲಿಲ್ಲ. ಯಾವ ಪೆಟ್ಟಿಗೆಗಾದರೂ ಒಳಗೆ ಬಿಳಿ ಬಟ್ಟೆ ಹೊಡೆಯುವವರು ಇದರ ಪಕ್ಕಗಳಿಗೆ ಹೊಡೆದು ಅಡಿಯನ್ನು ಹಾಗೇ ಬಿಟ್ಟರು.

ಮರುದಿನ ಅಂತೋಣಣ್ಣನ ಮನೆಯ ಬೀದಿಯ ತಿರುವಿನಲ್ಲಿ ಫ್ಲೆಕ್ಸ್ ಕಟ್ಟಿದ್ದರು. ಹೂಮಾಲೆ, ಮೇಣದಬತ್ತಿ, ಅವರ ಯಾವುದೋ ಹಳೆಯ ನಗು. ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಸೊಟ್ಟ ರೆಕ್ಕೆ ಎಂದೂ ಬರೆಸಿದ್ದರು. ಪ್ರೀತಿಯಿಂದಲೇ ಬರೆಸಿರಬೇಕು. ಹಾಗೆ ಹೇಳದಿದ್ದರೆ ಯಾರೆಂದು ಜನಕ್ಕೆ ಗೊತ್ತಾಗುತ್ತಿರಲಿಲ್ಲ.

ಪೆಟ್ಟಿಗೆಯನ್ನು ಒಳಗೆ ತಂದು ಇಳಿಸಿದರು. ಸಗಾಯಂ ದಿಂಬು ಇಡಲು ಬಗ್ಗಿದವಳು ಕಾಲಿನ ಕಡೆ ನೋಡಿ ನಿಂತಳು. ಬೆರಳಿಂದ ಮುಟ್ಟಿದಳು. "ಇದೇನಕ್ಕಾ, ಅರಿಶಿನ ಥರ?"

ಯಜಮಾನರು ಗೋಡೆ ನೋಡುತ್ತಿದ್ದರು. ನಾನು ಹೇಳಿದೆ. ಅಲ್ಲಿದ್ದ ಅಷ್ಟೂ ಜನರ ಮುಂದೆ, ಹರಕೆ, ಒದ್ದೆ ಬಟ್ಟೆ, ಬಾಗಿಲು, ಎಲ್ಲಾ. ಅಳು ಬಂದರೂ ನಿಲ್ಲಿಸದೆ ಹೇಳಿದೆ.

ಸಗಾಯಂ ಅಳಲಿಲ್ಲ. "ಗೊತ್ತು ಅಕ್ಕ. ಅವತ್ತೇ ಬಂದು ಹೇಳಿದ್ರು ನನಗೆ. ಅಣ್ಣಿ ಹೇಳ್ತಾರೆ, ತಾವೇ ಬಂದು ಹೇಳ್ತಾರೆ, ನೀನು ಬಾಯಿ ಬಿಡಬೇಡ ಅಂದ್ರು. ಒಂದು ವರ್ಷ ಸಂಜೆ ಆದ್ರೆ ಬಾಗಿಲ ಕಡೆ ನೋಡ್ತಿದ್ರು. ಆಮೇಲೆ ನೋಡೋದು ಬಿಟ್ರು."

ದಿಂಬನ್ನು ಸರಿಮಾಡಿ ಎದ್ದಳು. "ಜಾಗ ಬಿಡಿ ಅಕ್ಕ. ಅವರನ್ನ ಇಡಬೇಕು."

ನಾನು ಜಾಗ ಬಿಟ್ಟೆ. ಪೆಟ್ಟಿಗೆ ಅವರಿಗೆ ಸರಿಯಾಗಿ ಕೂತಿತು, ತಲೆಯ ಕಡೆ ನಾಲ್ಕು ಬೆರಳು, ಕಾಲಿನ ಕಡೆ ನಾಲ್ಕು ಬೆರಳು.

ಹೊರಗೆ ಹೊತ್ತು ನಡೆಯುವಾಗ ಮುನಿಸ್ವಾಮಿ ಪಕ್ಕದವನಿಗೆ, "ನೆಟ್ಟಗೆ ಹಿಡೀರಪ್ಪ, ಸೊಟ್ಟ ರೆಕ್ಕೆ ವಾಲ್ತಾನೆ," ಅಂದ. ಯಜಮಾನರು ನಿಂತು, ಎಲ್ಲರಿಗೂ ಕೇಳುವ ಹಾಗೆ, "ರೆಕ್ಕೆ ಸೊಟ್ಟ ಆಗಿದ್ದು ನಮ್ಮನೆ ಬಾಗ್ಲಿಂದ. ಅವನ ಕೈಯಿಂದಲ್ಲ. ನಂಗೆ ಆರು ವರ್ಷದಿಂದ ಗೊತ್ತು," ಅಂದರು. ಮುನಿಸ್ವಾಮಿ ಅವರ ಮುಖವನ್ನು ಒಂದು ಸಲ ನೋಡಿ, "ಈಗ ಹೇಳಿ ಏನ್ ಬಂತು ಆಚಾರಿ, ನಡಿ," ಅಂದ. ಇವರು ಪೆಟ್ಟಿಗೆಯ ಹಿಂದೆ ನಡೆದರು.

ಮನೆಗೆ ಬಂದು ಹಿತ್ತಲಲ್ಲೇ ತಲೆಗೆ ನೀರು ಹಾಕಿಕೊಂಡು ಒಳಗೆ ಬಂದೆ. ಬಾಗಿಲಿಲ್ಲದ ಬಾಗಿಲಿಗೆ ಮತ್ತೆ ಹಳೆಯ ಸೀರೆ ಕಟ್ಟಿದೆ. ನಾಯಿ ಬಂದು ಹೋದ ಗುರುತಿತ್ತು, ಆದರೆ ಕಾಳಿನ ಪಾತ್ರೆಯ ಮೇಲೆ ಮುಚ್ಚಿದ್ದ ತಟ್ಟೆ ಅಲುಗಾಡಿರಲಿಲ್ಲ. ಎರಡು ದಿನ ನೀರಲ್ಲಿದ್ದ ಕಾಳು. ಬೇಸಿಗೆಯಾಗಿದ್ದರೆ ಹಳಸಿ ಎಸೆಯಬೇಕಿತ್ತು. ಚಳಿಯಿದ್ದದ್ದರಿಂದ ಸಿಪ್ಪೆ ಮಾತ್ರ ಬಿರಿದಿತ್ತು, ವಾಸನೆ ಬಂದಿರಲಿಲ್ಲ. ನೀರು ಬಸಿದು ಬೇರೆ ನೀರು ಹಾಕಿದೆ. ಬಟ್ಟಲು ತಂದು ಪಕ್ಕಕ್ಕಿಟ್ಟುಕೊಂಡು, ಉಳಿದ ಕಾಳು ಹಿದುಕಲು ಕೂತೆ.